ಡಿಕ್ಕಿಯಲ್ಲಿ ಮಲಗಿದ್ದ ರಾಕ್ಷಸ

ಆ ಮನೆಯಲ್ಲಿ ಒಬ್ಬ ರಾಕ್ಷಸನಿದ್ದ. ಉದ್ದ ಒಂದು ಗೇಣು, ಬಣ್ಣ ಕಪ್ಪು, ತೂಕ ಒಂದು ಕಿಲೋ ಸಕ್ಕರೆಗಿಂತ ಸ್ವಲ್ಪ ಹೆಚ್ಚು. ವಾರವೆಲ್ಲ ಅಜ್ಜನ ಕಪಾಟಿನಲ್ಲಿ, ಬೀಗ ಜಡಿದ ಕಬ್ಬಿಣದ ಪೆಟ್ಟಿಗೆಯೊಳಗೆ ಗಡದ್ದಾಗಿ ಮಲಗಿರುತ್ತಿದ್ದ. ಭಾನುವಾರ ಬೆಳಿಗ್ಗೆ ಮಾತ್ರ ಕಾರಿನ ಡಿಕ್ಕಿಯೊಳಗೆ ಸವಾರಿ ಹೊರಡುತ್ತಿದ್ದ. ಅವನ ಹಲ್ಲುಗಳೆಲ್ಲ ಬೇರೊಂದು ಡಬ್ಬಿಯಲ್ಲಿರುತ್ತಿದ್ದವು. ಹಲ್ಲಿಲ್ಲದ ರಾಕ್ಷಸ ಯಾರನ್ನು ತಾನೇ ತಿಂದಾನು? ಹೀಗೆಂದು ಹೇಳಿದವಳು ಅಜ್ಜಿ. ಅಜ್ಜಿಯೇ ಹೇಳಿದ ಮೇಲೆ ಮೊಮ್ಮಗಳಿಗೆ ಅದು ಪಿಸ್ತೂಲು, ಅವು ಗುಂಡುಗಳು ಎಂದು ಎಷ್ಟೋ ವರ್ಷ ಅನ್ನಿಸಿರಲೇ ಇಲ್ಲ.

ಆ ಮೊಮ್ಮಗಳನ್ನು ಮನೆಯಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ಅಂಟು ಎಂದು. ಹುಟ್ಟಿದಾಗಿನಿಂದ ಅಜ್ಜಿಗೆ ಅಂಟಿಕೊಂಡೇ ಬೆಳೆದವಳಲ್ಲವೇ, ಅದಕ್ಕೆ. ಈಗ ಇಪ್ಪತ್ತೆರಡು ವರ್ಷ. ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವ ಕೆಲಸ. ಕಿಟಕಿಯಾಚೆ ಮೋಡ ಕಂಡರೆ ಗಿರಾಕಿಯ ಫ್ರೇಮನ್ನು ಕೈಯಲ್ಲಿ ಹಿಡಿದುಕೊಂಡೇ ಎಲ್ಲೋ ಕಳೆದುಹೋಗುವ ಹುಡುಗಿ.

ಅಜ್ಜ ಗಡಿಯಾರ ರಿಪೇರಿ ಮಾಡಿ ನಿವೃತ್ತನಾದವನು. ಊರಾಚೆಯ ಶೂಟಿಂಗ್ ಕ್ಲಬ್ಬಿನಲ್ಲಿ ನಲವತ್ತು ವರ್ಷದ ಸದಸ್ಯ. ಕಾಗದದ ಗುರಿಯನ್ನು ಬಿಟ್ಟು ಇನ್ನೊಂದಕ್ಕೆ ಗುಂಡು ಹೊಡೆದವನಲ್ಲ. ಗೋಡೆಯ ಮೇಲಿನ ಜೇಡವನ್ನೂ ಪೊರಕೆ ತುದಿಯಲ್ಲಿ ಕೂರಿಸಿಕೊಂಡು ಹೊರಗೆ ಬಿಟ್ಟು ಬರುವ ಮನುಷ್ಯ. ತೂತುಬಿದ್ದ ಕಾಗದಗಳನ್ನು ಅಜ್ಜಿ ಬಿಸಾಡುತ್ತಿರಲಿಲ್ಲ. ಅಡುಗೆಮನೆಯ ಶೆಲ್ಫುಗಳಿಗೆಲ್ಲ ಅವನ್ನೇ ಹಾಸುತ್ತಿದ್ದಳು. ಚಿಕ್ಕಂದಿನಲ್ಲಿ ಅಂಟು ಆ ಕಾಗದಗಳನ್ನು ಬಲ್ಬಿಗೆ ಹಿಡಿದು ಚಾವಣಿಯ ಮೇಲೆ ನಕ್ಷತ್ರ ಬೀಳಿಸುತ್ತಿದ್ದಳು. ಅಜ್ಜ ಚೆನ್ನಾಗಿ ಹೊಡೆದ ವಾರ ನಕ್ಷತ್ರಗಳೆಲ್ಲ ಒಂದೇ ಕಡೆ ಗುಂಪಾಗಿ ಬೀಳುತ್ತಿದ್ದವು. "ಈ ವಾರ ಕೆಟ್ಟದಾಗಿ ಹೊಡಿ ಅಜ್ಜ, ಆಕಾಶ ದೊಡ್ಡದಾಗಲಿ" ಎಂದು ಅವಳು ಗೋಗರೆಯುತ್ತಿದ್ದಳು.

ಭಾನುವಾರದ ಹೊರಡುವಿಕೆಗೆ ಒಂದು ಕ್ರಮವಿತ್ತು. ಅಂಟು ಹಿಂದಿನ ಸೀಟಿನಲ್ಲಿ, ಮಡಿಲಲ್ಲಿ ಬೇಯಿಸಿದ ಮೊಟ್ಟೆಯ ಡಬ್ಬಿ ಮತ್ತು ಚಹಾದ ಫ್ಲಾಸ್ಕು. ಅಜ್ಜ ಅಜ್ಜಿ ಇಬ್ಬರೂ ಕಾರಿನ ಹಿಂದೆ. ಡಿಕ್ಕಿಯ ಬಾಗಿಲು ಮೇಲಕ್ಕೆದ್ದಿರುವುದರಿಂದ ಹಿಂದಿನ ಗಾಜಿನಲ್ಲಿ ಏನೂ ಕಾಣುತ್ತಿರಲಿಲ್ಲ. ದನಿ ಮಾತ್ರ ಕೇಳುತ್ತಿತ್ತು.

"ರಾಕ್ಷಸ?"

"ಮಲಗಿದಾನೆ."

"ಹಲ್ಲು?"

"ಬೇರೆ ಡಬ್ಬೀಲಿ."

"ಅಪ್ಪಣೆ?"

"ಜೇಬಲ್ಲಿ."

ಅಪ್ಪಣೆ ಅಂದರೆ ಲೈಸೆನ್ಸು. ಮೂರೂ ಆದ ಮೇಲೆ ಡಿಕ್ಕಿ ಧಡ್ ಎಂದು ಮುಚ್ಚುತ್ತಿತ್ತು. ಅಜ್ಜಿ ಬಂದು ಮುಂದಿನ ಸೀಟಿನಲ್ಲಿ ಕೂತು ಹೆಣಿಗೆಯ ಕೆಂಪು ಉಣ್ಣೆ ಬಿಚ್ಚುತ್ತಿದ್ದಳು. ಮನೆಯಿಂದ ಕ್ಲಬ್ಬಿನ ಗುಂಡು ಹೊಡೆಯುವ ರೇಂಜು, ರೇಂಜಿನಿಂದ ಮನೆ. ನಡುವೆ ತರಕಾರಿಗೆಂದೂ ನಿಲ್ಲಿಸುವ ಹಾಗಿರಲಿಲ್ಲ. "ರಾಕ್ಷಸ ಜೊತೇಲಿರೋವಾಗ ಸಂತೆ ಮಾಡ್ತಾರೇನೆ?" ಎಂದು ಅಜ್ಜಿ ಕಣ್ಣರಳಿಸುತ್ತಿದ್ದಳು.

ಅಜ್ಜಿ ಹೋದದ್ದೂ ಭಾನುವಾರದ ಲೆಕ್ಕದಲ್ಲೇ. ರೇಂಜಿನ ಬೆಂಚಿನ ಮೇಲೆ ಹೆಣೆಯುತ್ತ ಕೂತವಳು ಎದೆ ಹಿಡಿದುಕೊಂಡಳು. ಅಲ್ಲಿಂದ ನೇರ ಆಸ್ಪತ್ರೆ. ಬುಧವಾರಕ್ಕೆ ಎಲ್ಲ ಮುಗಿದುಹೋಯಿತು.

ಅದಾಗಿ ಏಳನೇ ವಾರಕ್ಕೆ ಕಾರು ಪಂಕ್ಚರ್ ಆಯಿತು.

ಅಮ್ಮ ಮನೆಯಲ್ಲೇ ಕೇಕು ಮಾಡಿ ಮಾರುತ್ತಿದ್ದಳು. ಅಜ್ಜ ಕಾರು ಮುಟ್ಟುವುದನ್ನು ಬಿಟ್ಟ ಮೇಲೆ ಅದು ಕೇಕಿನ ಗಾಡಿಯಾಗಿತ್ತು. ಅಂದು ಮೂರು ಅಂತಸ್ತಿನ ಚಾಕೊಲೇಟ್ ಕೇಕಿನ ಜೊತೆ ರಸ್ತೆ ಮಧ್ಯೆ ನಿಂತಳು. ಪಂಕ್ಚರ್ ಅಂಗಡಿಯವನು ಟ್ರೇಗಳನ್ನೆಲ್ಲ ಇಳಿಸಿ, ಡಿಕ್ಕಿಯ ಮ್ಯಾಟು ಎತ್ತಿ, ಸ್ಟೆಪ್ನಿಗೆ ಕೈ ಹಾಕಿದವನು ನಿಂತ.

"ಅಕ್ಕಾ, ಟೂಲ್ ಬಾಕ್ಸಿಗೂ ಬೀಗ ಹಾಕ್ತೀರಾ? ಭಾರಿ ಹುಷಾರು ಬಿಡಿ ನೀವು."

ಅಮ್ಮ ಬಗ್ಗಿ ನೋಡಿದಳು. ಕಬ್ಬಿಣದ ಪೆಟ್ಟಿಗೆ. ಪಕ್ಕದಲ್ಲೇ ಹಳೆಯ ಟಾಫಿ ಡಬ್ಬಿ.

"ಹ್ಞೂಂ ಕಣಪ್ಪ, ಟೂಲ್ ಬಾಕ್ಸೇ. ಬೇಗ ಹಾಕು ಟೈರು," ಎಂದಳು. ದನಿ ಅವಳದೇ ಎಂದು ಅವಳಿಗೇ ಅನ್ನಿಸಲಿಲ್ಲ.

ಅಂಟು ಅಂಗಡಿಯಿಂದ ಊಟಕ್ಕೆ ಬಂದಾಗ ಮನೆಯಲ್ಲಿ ಒಲೆ ಹತ್ತಿರಲಿಲ್ಲ. ಪೆಟ್ಟಿಗೆ ಊಟದ ಮೇಜಿನ ಮೇಲಿತ್ತು. ಸುತ್ತ ಅಜ್ಜ, ಅಪ್ಪ, ಅಮ್ಮ ಮೂವರೂ ನಿಂತಿದ್ದರು.

"ಏಳು ವಾರ ಮಾವ! ಏಳು ವಾರ ಇದರ ಮೇಲೆ ಕೇಕಿಟ್ಟುಕೊಂಡು ಊರೆಲ್ಲ ತಿರುಗಿದೀನಿ. ಸ್ಕೂಲ್ ಗೇಟಲ್ಲಿ ನಿಲ್ಸಿದೀನಿ. ಮಕ್ಕಳ ವಾರ್ಡಿಗೆ ಕೇಕ್ ಕೊಡೋಕೆ ಹೋದಾಗ ಬೀಗ ಹಾಕೋದೂ ಮರೆತು ಹೋಗಿದ್ದೆ. ಯಾರಾದ್ರೂ ಎತ್ಕೊಂಡು ಹೋಗಿದ್ರೆ?"

"ಕಾರಿಗೆ ಬೀಗ ಹಾಕಿದ್ರೂ ಅದು ಕಪಾಟಾಗಲ್ಲ ಅಪ್ಪ," ಎಂದ ಅಪ್ಪ. ಅವನು ಲಿಫ್ಟ್ ಮೆಕ್ಯಾನಿಕ್. ಮಾತು ಕಡಿಮೆ, ಆಡಿದರೆ ನಟ್ಟು ಬಿಗಿದ ಹಾಗೆ. "ರೇಂಜಿಗೆ ಒಯ್ಯೋಕೆ, ವಾಪಸ್ ತರೋಕೆ ಅಂತ ಲೈಸೆನ್ಸು. ಡಿಕ್ಕೀಲಿ ಸಂಸಾರ ಹೂಡೋಕಲ್ಲ. ನೀವೇ ಹೇಳ್ಕೊಟ್ಟಿದ್ದು."

ಅಜ್ಜ ಪೆಟ್ಟಿಗೆಯನ್ನೇ ನೋಡುತ್ತಿದ್ದ. "ಕಪಾಟಲ್ಲಿದೆ ಅಂದ್ಕೊಂಡಿದ್ದೆ."

"ಕಪಾಟು ತೆಗೆದು ನೋಡ್ಲಿಲ್ವಾ?"

"ಇಲ್ಲ. ಡಿಕ್ಕೀನೂ ತೆಗೀಲಿಲ್ಲ." ಪೆಟ್ಟಿಗೆಯ ಬೀಗ ಸವರಿ, "ತೆಗೆದ್ರೆ ಅವಳು ಕೇಳಬೇಕಿತ್ತಲ್ಲ," ಎಂದ.

ಅಮ್ಮ ಒಂದು ಕುರ್ಚಿ ಎಳೆದು ಅಜ್ಜನ ಬಳಿ ಇಟ್ಟಳು. ಆದರೆ ಅಪ್ಪ ಬಿಡಲಿಲ್ಲ. "ಆವತ್ತು ಆ ಗಡಿಬಿಡೀಲಿ ಗುಂಡು ತೆಗೆದಿದ್ರಾ?"

ಅಜ್ಜನಿಗೆ ನೆನಪಿರಲಿಲ್ಲ. ಎಲ್ಲರನ್ನೂ ಬಾಗಿಲಾಚೆ ಕಳಿಸಿ, ಪಿಸ್ತೂಲಿನ ಮೂತಿ ಹೊರಗೋಡೆಯ ಕಡೆ ಇರುವಂತೆ ಪೆಟ್ಟಿಗೆ ತಿರುಗಿಸಿಟ್ಟು ಬೀಗ ತೆಗೆದ. ಕೀಲಿ ಎರಡು ಸಲ ತೂತು ತಪ್ಪಿತು. ಕೈಗಡಿಯಾರದ ಕೂದಲೆಳೆ ಸ್ಪ್ರಿಂಗನ್ನು ಚಿಮಟದಲ್ಲಿ ಎತ್ತುತ್ತಿದ್ದ ಕೈ ಅದು. ಮುಚ್ಚಳ ಎದ್ದಿತು. ಪಿಸ್ತೂಲಿನ ನಳಿಗೆಯ ಈ ತುದಿಯಿಂದ ಆ ತುದಿಗೆ ಒಂದು ಕೆಂಪು ಉಣ್ಣೆಯ ಎಳೆ ಹಾದುಹೋಗಿತ್ತು.

ನಳಿಗೆಯಲ್ಲಿ ಗುಂಡಿದ್ದರೆ ದಾರ ಹಾಯುವುದಿಲ್ಲ. ದಾರ ಹಾಯ್ದಿದೆ ಎಂದರೆ ಖಾಲಿ ಎಂದೇ ಅರ್ಥ. ರೇಂಜಿನಲ್ಲಿ ಬೇರೆಯವರು ಪ್ಲಾಸ್ಟಿಕ್ ದಾರ ಹಾಕುತ್ತಿದ್ದರು. ಅಜ್ಜನಿಗೆ ಮಾತ್ರ ಅಜ್ಜಿಯ ಉಣ್ಣೆ.

"ಆವತ್ತೂ ಕೊಟ್ಟಿದ್ಲಾ ಹಾಗಾದ್ರೆ," ಎಂದು ಅಜ್ಜ ಆ ಎಳೆಯ ತುದಿಯನ್ನು ಮುಟ್ಟಿದ. ಬಾಗಿಲ ಸಂದಿಯಿಂದ ನೋಡುತ್ತಿದ್ದ ಅಂಟುವಿಗೆ ಉಣ್ಣೆ, ಫ್ಲಾಸ್ಕಿನ ಚಹಾ, ಮೊಟ್ಟೆಯ ಬಿಸಿ ಎಲ್ಲ ಒಟ್ಟಿಗೆ ಮೂಗಿಗೆ ಬಂದಂತಾಗಿ ಕಣ್ಣು ತುಂಬಿತು.

ಪೆಟ್ಟಿಗೆ ಕಪಾಟು ಸೇರಿತು. ಜಗಳ ಮಾತ್ರ ಊಟದ ಮೇಜು ಬಿಟ್ಟು ಏಳಲಿಲ್ಲ. ಲೈಸೆನ್ಸ್ ನವೀಕರಣಕ್ಕೆ ಒಂದು ತಿಂಗಳಿತ್ತು. ಅಪ್ಪನದು ಒಂದೇ ಮಾತು, ಕಚೇರಿಗೆ ಹೋಗಿ ಪಿಸ್ತೂಲು ಒಪ್ಪಿಸಿಬಿಡೋಣ. ಅಮ್ಮ ಮಾವನ ತಟ್ಟೆಗೆ ಆಲೂಗಡ್ಡೆ ಬಡಿಸುತ್ತಲೇ ಗಂಡನ ಪರ ವಾದಿಸುತ್ತಿದ್ದಳು. ಅಜ್ಜ ಉಪ್ಪು ಸಾಲದು ಎಂದೂ ಹೇಳದೆ ತಿಂದು ಏಳುತ್ತಿದ್ದ.

"ಅದೊಂದೇ ಅಲ್ವಾ ಅಜ್ಜನಿಗೆ ಉಳಿದಿರೋದು?" ಎಂದು ಅಂಟು ಒಂದು ದಿನ ಪಾತ್ರೆ ಒರೆಸುತ್ತ ಅಮ್ಮನ ಮೇಲೆ ರೇಗಿದಳು.

"ನಾವು ಯಾರು ಹಾಗಾದ್ರೆ? ಬಾಡಿಗೆಗೆ ಬಂದವರಾ?"

"ಹಾಗಲ್ಲಮ್ಮ. ಭಾನುವಾರ ಅವನ ಮುಖ ನೋಡಿದೀಯಾ? ಹೊರಡೋ ಹೊತ್ತಿಗೆ ಸರಿಯಾಗಿ ಶೂ ಹಾಕ್ಕೊಂಡು ಮೆಟ್ಟಿಲ ಮೇಲೆ ಕೂರ್ತಾನೆ. ಹತ್ತು ಗಂಟೆಗೆ ಬಿಚ್ಚಿಡ್ತಾನೆ."

ಅಮ್ಮ ಸ್ಪಂಜು ಹಿಂಡಿದಳು. ಹಿಂಡಿದ್ದನ್ನೇ ಮತ್ತೆ ಹಿಂಡಿದಳು. "ನೋಡಿದೀನಿ," ಎಂದಳು. "ನಿನಗಿಂತ ಮುಂಚೇನೇ ನೋಡಿದೀನಿ. ಅದಕ್ಕೇ ಹೆದರಿಕೆ. ಮೊನ್ನೆ ಅವರು ಚಹಾಕ್ಕೆ ಮೂರು ಸಲ ಸಕ್ಕರೆ ಹಾಕಿದ್ರು ಕಣೆ. ಕುಡಿದ್ರೂ ಗೊತ್ತಾಗಲಿಲ್ಲ."

"ಸಕ್ಕರೆ ಬೇರೆ. ಅಜ್ಜಿ ಕೇಳ್ತಿದ್ದ ಮೂರು ಪ್ರಶ್ನೆ ನಾನು ಕೇಳ್ತೀನಿ. ನಂಗೆ ಬಾಯಿಪಾಠ. ಒಂದೇ ಒಂದು ಭಾನುವಾರ ಕೊಡಮ್ಮ. ಸರಿಹೋಗಲಿಲ್ಲ ಅಂದ್ರೆ ಒಪ್ಪಿಸಿಬಿಡೋಣ."

ಅಮ್ಮ ಒಪ್ಪುವುದಕ್ಕೆ ಎರಡು ವಾರ ಹಿಡಿಯಿತು. ಅಷ್ಟರಲ್ಲಿ ಅಂಟು ನವೀಕರಣದ ಅರ್ಜಿ ತಂದಳು. ದೃಷ್ಟಿಯ ಸರ್ಟಿಫಿಕೇಟು ಬೇಕಿತ್ತು. ತನ್ನ ಅಂಗಡಿಗೇ ಅಜ್ಜನನ್ನು ಕರೆದೊಯ್ದು ಕುರ್ಚಿಯಲ್ಲಿ ಕೂರಿಸಿದಳು. ಅಜ್ಜ ಕೊನೆಯ ಸಾಲಿನ ಚಿಕ್ಕ ಅಕ್ಷರಗಳನ್ನೂ ಪಟಪಟನೆ ಓದಿ, "ಕೆಳಗೆ ಪ್ರೆಸ್ಸಿನವರ ಹೆಸರಿದೆ, ಅದನ್ನೂ ಓದ್ಲಾ?" ಎಂದ. ಅಂಗಡಿಯ ಯಜಮಾನ ನಕ್ಕು ರುಜು ಹಾಕಿದ. ಕಣ್ಣು ಪಾಸು. ಕೈಗೂ ನೆನಪಿಗೂ ಪರೀಕ್ಷೆ ಇಡುವ ಅಂಗಡಿ ಮಾತ್ರ ಅಂಟುವಿಗೆ ಗೊತ್ತಿರಲಿಲ್ಲ.

ಅಮ್ಮನ ಷರತ್ತುಗಳು ಶನಿವಾರ ಊಟದ ಹೊತ್ತಿಗೆ ಬಂದವು. "ಕಾರು ಇವಳು ಓಡಿಸ್ಬೇಕು. ಲೈಸೆನ್ಸ್ ನಿಮ್ಮ ಜೇಬಲ್ಲಿರಬೇಕು ಮಾವ, ನೀವು ಕಾರಲ್ಲಿರಬೇಕು. ಬಂದ ತಕ್ಷಣ ಪೆಟ್ಟಿಗೆ ಕಪಾಟಿಗೆ, ಕೈ ತೊಳೆಯೋದೂ ಆಮೇಲೆ."

"ಆಯ್ತು ತಾಯಿ," ಎಂದ ಅಜ್ಜ. ಅಂದು ಉಪ್ಪು ಸಾಲದು ಎಂದ. ಅಮ್ಮ ಉಪ್ಪಿನ ಬಟ್ಟಲನ್ನು ಅವನ ಮುಂದೆ ಸರಿಸಿ ಮುಖ ತಿರುಗಿಸಿ ನಕ್ಕಳು.

ಭಾನುವಾರ ಬೆಳಿಗ್ಗೆ ಮನೆಗೆ ಹಳೆಯ ಕಳೆ ಬಂದಿತ್ತು. ಅಂಟು ಮೊಟ್ಟೆ ಬೇಯಿಸಿದಳು, ಫ್ಲಾಸ್ಕಿಗೆ ಚಹಾ ತುಂಬಿದಳು. ಅಜ್ಜ ಒಬ್ಬನೇ ಮೇಜಿನ ಮುಂದೆ ಕೂತು, ಬಾಗಿಲು ಹಾಕಿಕೊಂಡು, ಪಿಸ್ತೂಲಿಗೆ ಎಣ್ಣೆ ಸವರುತ್ತ ಗುನುಗುತ್ತಿದ್ದ. ಆ ಗುನುಗು ಕೇಳಿ ಒಂಬತ್ತು ಹತ್ತು ವಾರವಾಗಿತ್ತು. ಅಪ್ಪ ಕೂಡ ಪತ್ರಿಕೆ ಇಳಿಸಿ ಕಿವಿಗೊಟ್ಟ.

ಅಂಟು ಸ್ಟೇರಿಂಗಿನ ಮುಂದೆ ಕೂತು, ಕನ್ನಡಿಯಲ್ಲಿ ಡಿಕ್ಕಿಯ ಬಾಗಿಲು ಮೇಲೇಳುವುದನ್ನು ನೋಡಿದಳು. ಗಂಟಲು ಸರಿಮಾಡಿಕೊಂಡಳು.

"ರಾಕ್ಷಸ?"

ಹಿಂದಿನಿಂದ ಅಜ್ಜನ ದನಿ, "ಮಲಗಿದಾನೆ."

"ಹಲ್ಲು?"

"ಬೇರೆ ಡಬ್ಬೀಲಿ."

"ಅಪ್ಪಣೆ?"

"ಜೇಬಲ್ಲಿ!"

ಧಡ್. ಅಜ್ಜ ಬಂದು ಪಕ್ಕದಲ್ಲಿ ಕೂತ. ಅವನ ಮುಖ ಒಗೆದು ಒಣಹಾಕಿದ ಬಟ್ಟೆಯ ಹಾಗೆ ಹಗುರವಾಗಿತ್ತು. ಬಾಗಿಲಲ್ಲಿ ನಿಂತ ಅಮ್ಮನ ಕಡೆ ಅಂಟು ಗೆದ್ದವಳಂತೆ ಕೈಬೀಸಿದಳು.

ದಾರಿಯುದ್ದಕ್ಕೂ ಫೋನು ಬ್ಯಾಗಿನಲ್ಲಿ ಗುಂಯ್‌ಗುಟ್ಟುತ್ತಿತ್ತು. ಗಾಡಿ ಓಡಿಸುವಾಗ ಫೋನು ಮುಟ್ಟಬಾರದು, ರಾಕ್ಷಸ ಜೊತೆಗಿರುವಾಗ ದಾರಿಯಲ್ಲಿ ನಿಲ್ಲಬಾರದು. ಅಂಟು ಎರಡನ್ನೂ ಶ್ರದ್ಧೆಯಿಂದ ಪಾಲಿಸಿದಳು. ರೇಂಜಿನ ಅಂಗಳದಲ್ಲಿ ಕಾರು ನಿಲ್ಲಿಸಿ ನೋಡಿದರೆ ಅಮ್ಮನ ಒಂಬತ್ತು ಕರೆ.

"ಎಲ್ಲಿದೀರಾ? ಡಿಕ್ಕಿ ತೆಗೆದ್ರಾ?"

"ಇಲ್ಲಮ್ಮ, ಈಗ ಬಂದ್ವಿ. ಯಾಕೆ?"

"ತೆಗೀಬೇಡಿ. ಮೇಜು ಒರೆಸ್ತಿದ್ದೆ. ಕೆಂಪು ಉಣ್ಣೆ ಇಲ್ಲೇ ಬಿದ್ದಿದೆ ಕಣೆ." ಅಮ್ಮನ ಉಸಿರು ಕೇಳಿಸುತ್ತಿತ್ತು. "ಉಣ್ಣೆ ಇಲ್ಲಿದ್ರೆ, ಅಲ್ಲಿ ನಳಿಗೇಲಿ ಏನಿದೆ?"

ಅಂಟು ಪಕ್ಕಕ್ಕೆ ನೋಡಿದಳು. ಅಜ್ಜ ಸೀಟ್ ಬೆಲ್ಟು ಬಿಚ್ಚಿ, ಮಗುವಿನ ಹುಮ್ಮಸ್ಸಿನಲ್ಲಿ ಬಾಗಿಲು ತೆಗೆಯುತ್ತಿದ್ದ.

"ಅಜ್ಜ, ಕೂತ್ಕೋ. ಸ್ವಲ್ಪ ಹೊತ್ತು. ಪೆಟ್ಟಿಗೆ ಕೀಲಿ ಕೊಡು."

"ಯಾಕೆ ಮಗಾ?"

"ಕೊಡು ಅಜ್ಜ."

ರೇಂಜು ನೋಡಿಕೊಳ್ಳುವವರು ಸೀಟಿ ಮಾಸ್ತರು. ಕತ್ತಿನಲ್ಲಿ ಸದಾ ಸೀಟಿ, ಅದಕ್ಕೆ ಆ ಹೆಸರು. ಅವರೂ ಕ್ಲಬ್ಬಿನ ಹಳೆಯ ಲೈಸೆನ್ಸುದಾರರೇ. ವಿಷಯ ಕೇಳಿ ಬಂದು, ಎರಡೂ ಕೈಯಲ್ಲಿ ಪೆಟ್ಟಿಗೆ ಎತ್ತಿಕೊಂಡು, ಮರಳು ದಿಬ್ಬಕ್ಕೆ ಮುಖಮಾಡಿದ ಮೇಜಿನ ಮೇಲಿಟ್ಟರು. ಎಲ್ಲರನ್ನೂ ಹಿಂದೆ ಸರಿಸಿದರು. ಅಂಟುವಿಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಮೊದಲು ಒಂದು ಕ್ಲಿಕ್. ಆಮೇಲೆ ಲೋಹ ಹಿಂದಕ್ಕೆ ಜಾರಿದ ಸದ್ದು. ಆಮೇಲೆ ಮೇಜಿನ ಮೇಲೆ ಟಣ್ ಎಂದು ಬಿದ್ದು ಉರುಳಿದ ಇನ್ನೊಂದು ಸಣ್ಣ ಸದ್ದು.

"ಐದು ಗುಂಡು ಹಿಡಿ ಒಳಗಿನ ಮ್ಯಾಗಜಿನ್ನಲ್ಲಿ," ಎಂದರು ಮಾಸ್ತರು ತಿರುಗದೆಯೇ. "ಒಂದು ನಳಿಗೇಲಿ."

ಟಾಫಿ ಡಬ್ಬಿಯನ್ನು ಅಲ್ಲಾಡಿಸಿದರೆ ಸದ್ದೇ ಇರಲಿಲ್ಲ.

ಅಂಟು ಬೆಂಚಿನ ಮೇಲೆ ಕೂತಳು. ಅಜ್ಜಿ ಎದೆ ಹಿಡಿದುಕೊಂಡು ಒರಗಿದ್ದ ಬೆಂಚು ಅದೇ. "ನಾನು ಕೇಳಿದ್ನಲ್ಲ ಅಜ್ಜ! ಮೂರೂ ಕೇಳ್ದೆ. ನೀನು ಮೂರಕ್ಕೂ ಹೇಳ್ದೆ!"

ಅಜ್ಜ ತನ್ನ ಅಂಗೈಗಳನ್ನು ಯಾರದೋ ಎಂಬಂತೆ ನೋಡಿಕೊಳ್ಳುತ್ತಿದ್ದ. "ಹೇಳ್ದೆ. ನಲವತ್ತು ವರ್ಷ ಹೇಳಿದ ಬಾಯಿ ಮಗಾ. ಕೈ ಏನು ಮಾಡಿದ್ರೂ ಬಾಯಿ ಅದನ್ನೇ ಹೇಳುತ್ತೆ. ಎಣ್ಣೆ ಹಾಕ್ತಿದ್ದೆ. ಬಹಳ ದಿನ ಆಗಿತ್ತಲ್ಲ. ಇಲ್ಲಿ ಈ ಮೇಜಿನ ಮುಂದೆ ಕೂತಿದೀನಿ ಅಂತಲೇ ಅನ್ನಿಸ್ಬಿಡ್ತು. ಇಲ್ಲಿ ಕೂತ್ರೆ ಕೈ ತುಂಬೋದೇ ಅಲ್ವಾ?"

ಸೀಟಿ ಮಾಸ್ತರು ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಅಜ್ಜನ ಕೈಗೆ ಕೊಟ್ಟರು. ಆಮೇಲೆ ಅಂಟುವಿನ ಪಕ್ಕ ಕೂತರು.

"ನಿಮ್ಮಜ್ಜಿ ಎಲ್ಲಿ ನಿಂತು ಕೇಳ್ತಿದ್ರು?"

"ಡಿಕ್ಕಿ ಹಿಂದೆ."

"ಏನು ಮಾಡ್ತಾ ಕೇಳ್ತಿದ್ರು?"

ಅಂಟು ಅದನ್ನು ನೋಡಿಯೇ ಇರಲಿಲ್ಲ. ಡಿಕ್ಕಿಯ ಬಾಗಿಲು ಎದ್ದಿರುತ್ತಿತ್ತು.

"ವಾಪಸ್ ಹೋಗೋವಾಗ ಇಲ್ಲೂ ಅದೇ ಕ್ರಮ ತಾನೆ, ವಾರ ವಾರ ನೋಡಿದೀನಿ. ದಾರದ ಎರಡೂ ತುದಿ ಕಾಣಿಸ್ಬೇಕು ಅವರಿಗೆ. ಬಗ್ಗಿ ನೋಡೋರು. ಗುಂಡಿನ ಡಬ್ಬಿ ಕೈಗೆ ತಗೊಂಡು ಕಿವಿ ಹತ್ರ ಅಲ್ಲಾಡಿಸೋರು. ಲೈಸೆನ್ಸ್ ಜೇಬಿಂದ ತೆಗೆಸಿ ತಾರೀಕು ಓದೋರು, ಬೀಗ ಎಳೆದು ನೋಡೋರು. ಇಷ್ಟೂ ಬಾಯಿ ಮುಚ್ಕೊಂಡು. ಎಲ್ಲ ಮುಗಿದ ಮೇಲೆ ಜೋರಾಗಿ ರಾಕ್ಷಸ, ಹಲ್ಲು ಅಂತ ಕೂಗೋರು. ಒಂದಿನ ಕೇಳ್ದೆ, ಎಲ್ಲ ನೋಡಿ ಆಯ್ತಲ್ಲ ತಾಯಿ, ಮತ್ತೆ ಕೂಗೋದ್ಯಾಕೆ ಅಂತ. ಏನಂದ್ರು ಗೊತ್ತಾ?"

"ಏನು?"

"ಒಳಗೆ ಮಗು ಕೂತಿದೆ, ಅದಕ್ಕೆ ಕಥೆ ಬೇಡ್ವಾ ಅಂದ್ರು."

ಇಷ್ಟು ವರ್ಷ ಅಂಟು ಅಜ್ಜಿಯ ಕಾವಲೆಂದು ಎದೆಗವಚಿಕೊಂಡು ಬಂದದ್ದು ಬರೀ ಅವಳಿಗೆಂದು ಮಾಡಿದ ಕಥೆ. ಕಾವಲು ಕಾಯ್ದದ್ದು ಅವಳು ಎಂದೂ ಕಾಣದ ಎರಡು ಕಣ್ಣು. ಕಥೆಯನ್ನು ಮಾತ್ರ ಹಿಡಿದುಕೊಂಡು ಅವಳು ಆರು ಗುಂಡುಗಳನ್ನು ಬೆನ್ನ ಹಿಂದೆ ಹೊತ್ತು ಇಡೀ ಊರು ದಾಟಿ ಬಂದಿದ್ದಳು.

ಅಂದು ಯಾರೂ ಗುಂಡು ಹಾರಿಸಲಿಲ್ಲ. ಮಾಸ್ತರು ಪಿಸ್ತೂಲು ಖಾಲಿಮಾಡಿ, ತಮ್ಮ ಪ್ಲಾಸ್ಟಿಕ್ ದಾರ ಹಾಯಿಸಿ, ಗುಂಡು ಡಬ್ಬಿಗೆ ಹಾಕಿ, ಪೆಟ್ಟಿಗೆಗೆ ಬೀಗ ಜಡಿದು ಎರಡನ್ನೂ ಡಿಕ್ಕಿಯಲ್ಲಿಟ್ಟರು. ಅಂಟು ಪಕ್ಕದಲ್ಲಿ ನಿಂತು ಪ್ರತಿಯೊಂದನ್ನೂ ನೋಡಿದಳು. ಬಾಯಲ್ಲಿ ಏನೂ ಕೇಳಲಿಲ್ಲ.

ಮನೆಯಲ್ಲಿ ಅವಳು ಹೇಗೆ ಶುರುಮಾಡುವುದೆಂದು ತಡವರಿಸುತ್ತಿರುವಾಗಲೇ ಅಜ್ಜ ಊಟಕ್ಕೆ ಕೂತು ಹೇಳಿಬಿಟ್ಟ. "ಆರೂ ಒಳಗಿತ್ತು. ನನ್ನದೇ ತಪ್ಪು. ಹುಡುಗೀನ ಬೈಬೇಡಿ."

ಅಪ್ಪನ ಕೈ ತುತ್ತಿನ ಮೇಲೆ ನಿಂತಿತು. ಅಮ್ಮ ಬೈಯುತ್ತಾಳೆಂದು ಅಂಟು ತಲೆ ತಗ್ಗಿಸಿದಳು. ಅಮ್ಮ ಬ್ರೆಡ್ಡಿನ ಮೇಲೆ ಬೆಣ್ಣೆ ಸವರಿ ಮಾವನ ತಟ್ಟೆಗೆ ಹಾಕಿದಳು. "ಮೊದಲು ತಿನ್ನಿ," ಎಂದಳು. ಅಷ್ಟೇ.

"ಬುಧವಾರ ಒಪ್ಪಿಸಿ ಬರೋಣ," ಎಂದ ಅಜ್ಜ.

ಅಂಟುವಿಗೆ ತಡೆಯಲಾಗಲಿಲ್ಲ. "ಬೇಡ ಅಜ್ಜ. ಇನ್ಮೇಲೆ ನಾನು ಹಿಂದೆ ನಿಂತು ನೋಡ್ತೀನಿ. ಅಜ್ಜಿ ನೋಡಿದ ಹಾಗೇ."

"ನೋಡ್ತೀಯ ಮಗಾ, ಗೊತ್ತು. ಆದ್ರೆ ಅವಳು ನೋಡ್ತಿದ್ದಾಗ ನನ್ನ ಕೈ ತಪ್ತಿರಲಿಲ್ಲ. ಅವಳು ನೋಡ್ತಿದ್ದದ್ದು ಎಂದಾದ್ರೂ ತಪ್ಪಿದ್ರೆ ಅಂತ. ಇನ್ನು ಹಾಗಲ್ಲ." ಅವನು ಬ್ರೆಡ್ಡು ಮುರಿದ. "ಕಪಾಟಿನ ಮುಂದೆ ನಿನ್ನನ್ನ ಜೀವನವಿಡೀ ಕಾವಲು ನಿಲ್ಸೋಕೆ ನಂಗೆ ಇಷ್ಟ ಇಲ್ಲ."

ಬುಧವಾರ ನಾಲ್ಕೂ ಜನ ಹೋದರು. ಕಚೇರಿಯ ಗುಮಾಸ್ತೆ ಅರ್ಜಿ ಓದಿ ಕನ್ನಡಕದ ಮೇಲಿಂದ ನೋಡಿದಳು. "ಇನ್ನೂ ಗಡುವಿದೆಯಲ್ಲ ತಾತ. ಕಣ್ಣೂ ಚೆನ್ನಾಗಿದೆ ಅಂತ ಬರೆದಿದಾರೆ. ಯಾಕೆ ಒಪ್ಪಿಸ್ತಿದೀರಿ?"

"ನನ್ನ ಕಣ್ಣು ಚೆನ್ನಾಗಿದೆ ತಾಯಿ," ಎಂದ ಅಜ್ಜ. "ಇನ್ನೊಂದು ಜೊತೆ ಇತ್ತು. ಅದು ಹೋಯ್ತು."

ಅವಳಿಗೆ ಅರ್ಥವಾಗಲಿಲ್ಲ. ರಸೀದಿಗೆ ಮುದ್ರೆ ಒತ್ತಿ ಕೊಟ್ಟಳು. ಟಾಫಿ ಡಬ್ಬಿಯಿಂದ ಗುಂಡುಗಳನ್ನು ಎಣಿಸಿಕೊಂಡು ಡಬ್ಬಿಯನ್ನು ವಾಪಸ್ ಸರಿಸಿದಳು. "ಇದು ನಿಮ್ಮದೇ, ತಗೊಂಡು ಹೋಗಿ."

ಮುಂದಿನ ಭಾನುವಾರ ಅಮ್ಮನಿಗೆ ಐದು ಕೇಕಿನ ಆರ್ಡರಿತ್ತು. ಅಂಟು ಟ್ರೇಗಳನ್ನು ಡಿಕ್ಕಿಗೆ ಸಾಗಿಸುತ್ತಿದ್ದಳು. ಅಜ್ಜ ಶೂ ಹಾಕಿಕೊಂಡು ಮೆಟ್ಟಿಲ ಮೇಲೆ ಕೂತಿದ್ದ. ಅಮ್ಮ ಕಾರಿನ ಕೀಲಿ ತಿರುಗಿಸುತ್ತ ಅವನ ಮುಂದೆ ಹಾದುಹೋದಳು, ನಿಂತಳು, ಹಿಂದಿರುಗಿ ನೋಡದೆಯೇ ಹೇಳಿದಳು.

"ಸುಮ್ನೆ ಕೂತು ಏನ್ ಮಾಡ್ತೀರಿ ಮಾವ? ಬನ್ನಿ, ವಿಳಾಸ ಹುಡುಕಿಕೊಡಿ. ನಂಗೆ ಮನೆ ನಂಬರು ಓದೋಕೆ ಕಣ್ಣು ಸಾಲಲ್ಲ."

ಅಜ್ಜ ಎದ್ದ. ಬಂದು ಮುಂದಿನ ಸೀಟಿನ ಬಾಗಿಲು ತೆಗೆದ. ಅಜ್ಜಿಯ ಸೀಟು. ಒಳಗೆ ಕೂರಲಿಲ್ಲ. ಬಾಗಿಲು ಹಿಡಿದುಕೊಂಡೇ ನಿಂತು, ಗಂಟಲು ಸರಿಮಾಡಿಕೊಂಡ.

"ಕೇಕು?"

ಅಮ್ಮ ಸ್ಟೇರಿಂಗಿನ ಮೇಲೆ ಕೈಯಿಟ್ಟು ಅವನನ್ನೇ ನೋಡಿದಳು. "ಮಲಗಿದೆ ಮಾವ," ಎಂದಳು ಮೆಲ್ಲಗೆ.

"ಮೇಣದಬತ್ತಿ?"

"ಬೇರೆ ಡಬ್ಬೀಲಿ."

"ವಿಳಾಸ?"

"ಜೇಬಲ್ಲಿ."

ಅಜ್ಜ ತಲೆಯಾಡಿಸಿದ. ಆದರೆ ಕೂರಲಿಲ್ಲ. ಮೆಲ್ಲಗೆ ಕಾರನ್ನು ಸುತ್ತಿ ಹಿಂದಕ್ಕೆ ಬಂದ. ಮುಚ್ಚಲು ಹೊರಟಿದ್ದ ಅಂಟುವಿನ ಕೈ ತಡೆದ. ಬಗ್ಗಿದ. ಕೇಕುಗಳನ್ನು ಒಂದೊಂದಾಗಿ ಎಣಿಸಿದ. ಟ್ರೇಗಳ ಸಂದಿಯಲ್ಲಿ ಬೆರಳಾಡಿಸಿದ.

"ಎಲ್ಲಿ ಡಬ್ಬಿ?" ಎಂದ.

ಅಂಟು ನಾಲಿಗೆ ಕಚ್ಚಿಕೊಂಡಳು. ಮೇಣದಬತ್ತಿ ತುಂಬಿದ ಟಾಫಿ ಡಬ್ಬಿ ಅಡುಗೆಮನೆಯ ಶೆಲ್ಫಿನ ಮೇಲೆ, ಅಜ್ಜಿ ಹಾಸಿದ ತೂತುಕಾಗದದ ಮೇಲೆ ಹಾಗೇ ಕೂತಿತ್ತು. ಅವಳು ಒಳಗೆ ಓಡಿದಳು.